ಬಾಯಿ ಬಾರದವನ ವೀರಗಲ್ಲು

ನಾನು ಮೊದಲಿನಿಂದಲೂ ಸಂಕೋಚದ ಪ್ರಾಣಿ. ಬಸ್ಸಿನಲ್ಲಿ ನನ್ನ ಸ್ಟಾಪು ಬಂದರೂ "ಇಳಿಯೋದಿದೆ" ಅಂತ ಕೂಗಲಾಗದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದವನು. ಇಂಥವನು ಇತಿಹಾಸ ಎಂ.ಎ.ಗೆ ಸೇರಿದ್ದಕ್ಕೆ ಕಾರಣವೂ ಅದೇ ಅನ್ನಿ. ಸತ್ತವರು ಯಾರೂ ತಿರುಗಿ ಪ್ರಶ್ನೆ ಕೇಳುವುದಿಲ್ಲವಲ್ಲ!

ಆದರೆ ಕ್ಲಾಸಿನಲ್ಲಿ ಬದುಕಿರುವವರು ಕೇಳುತ್ತಾರೆ. ಒಮ್ಮೆ ಸೆಮಿನಾರಿನಲ್ಲಿ ಸಹಪಾಠಿಯೊಬ್ಬ, ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದರಿಂದಲೇ ಬೆಂಗಳೂರು ಎಂಬ ಹೆಸರು ಬಂತು ಅಂತ ಗಟ್ಟಿಯಾಗಿ ಹೇಳಿದ. ಬೇಗೂರಿನ ನಾಗರೇಶ್ವರ ದೇವಸ್ಥಾನದಲ್ಲಿರುವ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತಿದೆ, ಅದು ಸುಮಾರು ಕ್ರಿ.ಶ. 890ರದು, ಬಲ್ಲಾಳನಿಗಿಂತ ಮುನ್ನೂರು ವರ್ಷ ಹಿಂದಿನದು ಅಂತ ನನಗೆ ಗೊತ್ತಿತ್ತು. ಹಿಂದಿನ ವಾರವಷ್ಟೇ ಓದಿದ್ದೆ. ಬಾಯಿಯವರೆಗೂ ಬಂತು... ನುಂಗಿಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ :)

ಅದು ನಗುವ ವಿಷಯ. ಈಗ ಹೇಳುವುದು ಅಲ್ಲ.

ಅಜ್ಜಿಯ ಊರಿನ ಕೆರೆ ಏರಿಯ ಪಕ್ಕದಲ್ಲಿ ಒಂದು ವೀರಗಲ್ಲು ಇತ್ತು. ನನ್ನ ಎದೆಮಟ್ಟ ಬರುತ್ತಿತ್ತು. ಮೂರು ಅಂಕಣ. ಕೆಳಗೆ ಹೋರಾಡುತ್ತಿರುವ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತವನು, ತಲೆಯ ಮೇಲೆ ಸೂರ್ಯಚಂದ್ರರು. ಚಿಕ್ಕಂದಿನಲ್ಲಿ ಅದಕ್ಕೆ ಒರಗಿ ಕೂತು ಕಡಲೆಕಾಯಿ ತಿಂದಿದ್ದೇನೆ. ಅದು ಏನೆಂದು ತಿಳಿದದ್ದು ಎಂ.ಎ.ಗೆ ಬಂದ ಮೇಲೆ.

ಆ ವರ್ಷ ಬೇಸಿಗೆ ರಜೆಗೆ ಹೋದಾಗ ರಸ್ತೆ ಅಗಲ ಮಾಡುತ್ತಿದ್ದರು. ಜೆಸಿಬಿ ಕಲ್ಲಿನ ಹತ್ತಿರ ಬಂದು ನಿಂತಿತ್ತು. "ಸ್ವಲ್ಪ ಆ ಕಡೆ ಸರ್ಕೊಳಿ ಸಾರ್" ಅಂದ ಒಬ್ಬ. ಸುತ್ತ ಹತ್ತು ಹದಿನೈದು ಜನ. "ಇದು ವೀರಗಲ್ಲು, ಪಕ್ಕಕ್ಕಾದರೂ ಎತ್ತಿಡಿ" ಅನ್ನಬೇಕಿತ್ತು. ಅಷ್ಟೇ ಮಾತು. ನಾಲಗೆ ಒಣಗಿತು. ಸರಿದು ನಿಂತೆ. ಕಲ್ಲು ಎರಡು ತುಂಡಾಗಿ ಮಣ್ಣಿನೊಳಗೆ ಹೋಯಿತು.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಕೇಳಿದಳು, "ನೀನು ಓದಿರೋನು ಕಣೋ, ಒಂದು ಮಾತು ಹೇಳಬಾರದಿತ್ತಾ? ಹೇಳಿದ್ರೆ ಕೇಳ್ತಿದ್ರು." ಬೈದಿದ್ದರೆ ವಾಸಿಯಿತ್ತು.

ಊರಿಂದ ಬಂದವನೇ ಲೈಬ್ರರಿಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಹುಡುಕಿದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಹಳ್ಳಿಹಳ್ಳಿಯ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ, 1886ರಿಂದ ಹನ್ನೆರಡು ಸಂಪುಟಗಳಲ್ಲಿ ತಂದ ಸಾಹಸ ಅದು. ಅಜ್ಜಿಯ ಊರಿನ ಹೆಸರು ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ, ಆ ಕಲ್ಲಿನ ಮೇಲೆ ಅಕ್ಷರವೇ ಇರಲಿಲ್ಲವಲ್ಲ. ಅಕ್ಷರವಿಲ್ಲದ ಕಲ್ಲು, ಮಾತಿಲ್ಲದ ನಾನು. ಒಳ್ಳೆ ಜೋಡಿ.

ಆ ರಾತ್ರಿ ಒಂದು ಹಳೆ ನೋಟ್‌ಬುಕ್ಕಿನಲ್ಲಿ ನೆನಪಿದ್ದಷ್ಟೂ ಬರೆದೆ. ಎತ್ತರ, ಮುಖ ಯಾವ ದಿಕ್ಕಿಗಿತ್ತು, ವೀರನ ಕೈಯಲ್ಲಿ ಏನಿತ್ತು, ಅಪ್ಸರೆಯರು ಎಷ್ಟು ಜನ (ಇಬ್ಬರೋ ಮೂವರೋ, ಇಂದಿಗೂ ಖಾತ್ರಿಯಿಲ್ಲ). ನಾನು ಪರೀಕ್ಷೆಗಲ್ಲದೆ ಬರೆದ ಮೊದಲ ಪುಟ ಅದು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದೇ ಅನುಕೂಲ.

2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಕಿಟ್ಟಯ್ಯನ ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಅದು ಉಳಿಯಿತು, ಅದಕ್ಕೊಂದು ಮಂಟಪವೂ ಆಯಿತು. ಸುದ್ದಿ ಓದಿದಾಗ ಖುಷಿಯ ಜೊತೆ ಹೊಟ್ಟೆಯಲ್ಲಿ ಏನೋ ಚುಚ್ಚಿತು. ಅಲ್ಲಿ ಬಾಯಿಬಿಟ್ಟವರಿದ್ದರು.

ಮಾತು ಇವತ್ತಿಗೂ ಬರುವುದಿಲ್ಲ. ಆದರೆ ಈಗ ಯಾವ ಊರಿಗೆ ಹೋದರೂ ಕೆರೆ ಏರಿ, ದೇವಸ್ಥಾನದ ಹಿಂದೆ, ಬಟ್ಟೆ ಒಗೆಯುವ ಕಲ್ಲು, ಎಲ್ಲ ನೋಡುತ್ತೇನೆ. ಅಳೆದು ಬರೆದುಕೊಳ್ಳುತ್ತೇನೆ. ನಿಮ್ಮೂರಲ್ಲೂ ಒಂದು ಇರುತ್ತದೆ. ಮುಂದಿನ ಸಲ ಹೋದಾಗ ಒಂದು ಫೋಟೋ ತೆಗೆದಿಡಿ. ಸಾಧ್ಯವಾದರೆ, ನನ್ನ ಹಾಗಲ್ಲದೆ, ಒಂದು ಮಾತೂ ಹೇಳಿ.