ಹೂಂ ಮತ್ತು ಉಹೂಂ

ನಾವು 40 ವರ್ಷ ಜತ್ತ ಪೇಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡಿದವರು. ಗಿರಾಕಿ ಹೂಂ ಎಂದರೆ ತಕ್ಕಡಿ ಎತ್ತಬೇಕು, ಉಹೂಂ ಎಂದರೆ ಇಳಿಸಬೇಕು. ಈ ಮಾತಿನಲ್ಲಿ ನಾವೆಂದೂ ತಪ್ಪಿದವರಲ್ಲ.

ಕಳೆದ ದಶಲಕ್ಷಣ ಪರ್ವದ ಮೊದಲ ದಿನ ಮಾತ್ರ ತಪ್ಪಿದೆವು. ಬೆಳಿಗ್ಗೆ ಬಸದಿಯಿಂದ ಬಂದು ಅಮೆರಿಕಾದಲ್ಲಿರುವ 9 ವರ್ಷದ ಮೊಮ್ಮಗನಿಗೆ ಫೋನು ಮಾಡಿದೆವು. ಅಲ್ಲಿ ಆಗ ರಾತ್ರಿ. "ಹೊತ್ತು ಮುಳುಗುವ ಮೊದಲೇ ಉಂಡೆಯಾ?" ಎಂದು ಕೇಳಿದೆವು. "ಅಂಹಂ" ಎಂದ. "ಣಮೋಕಾರ ಮಂತ್ರ ಹೇಳಿದೆಯಾ?" ಮತ್ತೆ "ಅಂಹಂ". ನಮ್ಮ ಕಿವಿಗೆ ಅದು ಉಹೂಂ ಎಂದೇ ಕೇಳಿಸಿತು. ಸಿಟ್ಟಿನಿಂದ ಬೈದುಬಿಟ್ಟೆವು. ಹುಡುಗ ಅಳುತ್ತ ಫೋನನ್ನು ತಾಯಿಯ ಕೈಗೆ ಕೊಟ್ಟ.

ಸೊಸೆ ತಿಳಿಸಿ ಹೇಳಿದಳು. ಇಂಗ್ಲಿಷಿನಲ್ಲಿ "ಅಂಹಂ" ಎಂದರೆ ಹೌದು. ನಡುವೆ ಹಕಾರದ ಉಸಿರಿರುತ್ತದೆ, ಕೊನೆಗೆ ದನಿ ಏರುತ್ತದೆ. ಇಲ್ಲ ಎನ್ನಲು "ಅಂ-ಅಂ" ಎನ್ನುತ್ತಾರೆ. ಹಕಾರವಿಲ್ಲ, ನಡುವೆ ಗಂಟಲು ಕ್ಷಣಹೊತ್ತು ಕಟ್ಟುತ್ತದೆ, ದನಿ ಇಳಿಯುತ್ತದೆ. ಎರಡೂ ಮನೆಮಂದಿಯ ಸಲಿಗೆಯ ಮಾತು, ಅರ್ಜಿ ಕಾಗದಗಳಿಗೆ ಸಲ್ಲದು. ಮಗು ಉಂಡಿದ್ದೂ ನಿಜ, ಮಂತ್ರ ಹೇಳಿದ್ದೂ ನಿಜ.

ಮೊದಲ ದಿನದ ಧರ್ಮವೇ ಉತ್ತಮ ಕ್ಷಮೆ. ಅಂದೇ ನಾವು ಕ್ರೋಧಕ್ಕೆ ಒಳಗಾಗಿದ್ದೆವು! ಕ್ಷಮಾವಾಣಿಯ ದಿನ ಎಲ್ಲರಿಗಿಂತ ಮೊದಲು ಮೊಮ್ಮಗನಿಗೇ ಫೋನು ಮಾಡಿ, "ತಪ್ಪಾಯಿತಪ್ಪ, ಕ್ಷಮಿಸಿದೆಯಾ?" ಎಂದೆವು.

"ಅಂಹಂ" ಎಂದ.

ದೂರದೇಶದಲ್ಲಿ ಮೊಮ್ಮಕ್ಕಳಿರುವ ಹಿರಿಯರು ಬೈಯುವ ಮೊದಲು ಇನ್ನೊಮ್ಮೆ ಕೇಳಿ ನೋಡಿರಿ. ಜೈ ಜಿನೇಂದ್ರ.