ನೊಗ ಇಳಿಸುವ ದಿನ

ಸೋಲಾಪುರ ಮತ್ತು ಅಕ್ಕಲಕೋಟೆಯ ಈ ಗಡಿಸೀಮೆಯಲ್ಲಿ ವಾರದ ದಿನಗಳಿಗೆಲ್ಲ ಒಬ್ಬೊಬ್ಬ ದೈವವುಂಟು. ಸೋಮವಾರ ಸಿದ್ಧೇಶ್ವರನ ಕೆರೆಯ ಅಂಗಳ ತುಂಬುತ್ತದೆ. ಗುರುವಾರ ಅಕ್ಕಲಕೋಟೆಯ ವಟವೃಕ್ಷದ ಬಳಿ ಸ್ವಾಮಿ ಸಮರ್ಥರ ದರ್ಶನಕ್ಕೆ ಸಾಲು ಬೆಳೆಯುತ್ತದೆ. ಶುಕ್ರವಾರ ಜುಮ್ಮಾ ನಮಾಜು. ರವಿವಾರ ಮರಾಠಿಗರ ಖಂಡೋಬನಿಗೆ, ಎಂದರೆ ಕನ್ನಡಿಗರ ಮೈಲಾರಲಿಂಗನಿಗೆ ಸಲ್ಲುತ್ತದೆ. ಅದೇ ರವಿವಾರ ಸೋಲಾಪುರದ ಚರ್ಚುಗಳಲ್ಲಿ ಆರಾಧನೆ ನಡೆಯುತ್ತದೆ. ಈ ದಿನಗಳಲ್ಲಿ ನಾವು ದೇವರಿಗೆ ಏನನ್ನಾದರೂ ಕೊಡಲು ಹೋಗುತ್ತೇವೆ. ಕಾಯಿ, ಕರ್ಪೂರ, ಹೂವು, ಹರಕೆ. ಕೈಕೆಲಸವನ್ನು ನಿಲ್ಲಿಸುವುದೇ ದೇವರಿಗೆ ಸಲ್ಲಿಸುವ ಸೇವೆಯಾಗಬಲ್ಲದು ಎಂಬ ವಿಚಾರವನ್ನು ನಮಗೆ ಮೊದಲು ತಿಳಿಸಿದವರು ಶಾಲೆಯಲ್ಲಿ ನಮ್ಮೊಡನೆ ದುಡಿದ ಒಬ್ಬ ಕ್ರೈಸ್ತ ಸಹಶಿಕ್ಷಕರು.

ಅವರು ವಿಜಾಪುರದ ಕಡೆಯವರು. ಪರೀಕ್ಷೆಯ ದಿನಗಳಲ್ಲಿ ಉತ್ತರಪತ್ರಿಕೆಗಳ ಕಟ್ಟನ್ನು ಶನಿವಾರ ರಾತ್ರಿ ಎಷ್ಟು ಹೊತ್ತಾದರೂ ಕುಳಿತು ತಿದ್ದುತ್ತಿದ್ದರು. ರವಿವಾರ ಮಾತ್ರ ಕೆಂಪು ಮಸಿಯ ಲೇಖನಿಯನ್ನು ಮುಟ್ಟುತ್ತಿರಲಿಲ್ಲ. ಕಾರಣ ಕೇಳಿದಾಗ ನಕ್ಕು, "ಆರು ದಿನ ತಿದ್ದುವವನು ಒಂದು ದಿನವಾದರೂ ತಿದ್ದಿಸಿಕೊಳ್ಳಬೇಕಲ್ಲವೇ ಗುರುಗಳೇ" ಎಂದಿದ್ದರು. ಆ ಮಾತಿನ ಅರ್ಥವನ್ನು ಅರಸುತ್ತ ನಾವು ಬೈಬಲ್ಲಿನ ಕೆಲವು ಭಾಗಗಳನ್ನು ಓದಿದೆವು. ಅನ್ಯಧರ್ಮದ ಗ್ರಂಥವನ್ನು ಓದುವಾಗ ಇರಬೇಕಾದ ಸಂಕೋಚ ನಮಗೆ ಇಂದಿಗೂ ಇದೆ. ನಾವು ಪಂಡಿತರಲ್ಲ, ಓದಿದ್ದನ್ನು ನಮ್ಮ ನೆಲದ ಬದುಕಿನೊಡನೆ ಹೊಂದಿಸಿ ನೋಡಿದವರು, ಅಷ್ಟೇ.

ಸಬ್ಬತ್ ಎಂಬುದು ಹೀಬ್ರೂ ಭಾಷೆಯ ಶಬ್ದ. ನಿಲ್ಲಿಸುವುದು, ಬಿಡುವುದು ಎಂಬುದು ಅದರ ಮೂಲಾರ್ಥ. ಯೆಹೂದ್ಯರು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಅದನ್ನು ಆಚರಿಸುತ್ತಾರೆ. ಯೇಸು ಪುನರುತ್ಥಾನ ಹೊಂದಿದ್ದು ವಾರದ ಮೊದಲನೆಯ ದಿನ ಎಂಬ ನಂಬಿಕೆಯಿಂದ ಕ್ರೈಸ್ತರಲ್ಲಿ ಬಹುಪಾಲು ಜನರಿಗೆ ರವಿವಾರ ಪವಿತ್ರವಾಯಿತು. ಹತ್ತು ಆಜ್ಞೆಗಳಲ್ಲಿ ಈ ವಿಶ್ರಾಂತಿಯ ಆಜ್ಞೆಯೂ ಒಂದು. ಆ ಹತ್ತು ಆಜ್ಞೆಗಳು ಬೈಬಲ್ಲಿನಲ್ಲಿ ಎರಡು ಕಡೆ ಬರುತ್ತವೆ. ಈ ಒಂದು ಆಜ್ಞೆಗೆ ಮಾತ್ರ ಎರಡು ಕಡೆ ಎರಡು ಬೇರೆ ಕಾರಣಗಳು ಹೇಳಲ್ಪಟ್ಟಿವೆ. ವಿಮೋಚನಕಾಂಡದಲ್ಲಿ, ದೇವರು ಆರು ದಿನ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದನು, ಆದುದರಿಂದ ನೀವೂ ವಿಶ್ರಮಿಸಿರಿ ಎಂಬ ಕಾರಣ. ಧರ್ಮೋಪದೇಶಕಾಂಡದಲ್ಲಿ, ನೀವು ಈಜಿಪ್ಟಿನಲ್ಲಿ ಗುಲಾಮರಾಗಿದ್ದಿರಿ, ಅದನ್ನು ಮರೆಯಬೇಡಿರಿ, ನಿಮ್ಮ ಆಳುಗಳೂ ನಿಮ್ಮಂತೆಯೇ ದಣಿವಾರಿಸಿಕೊಳ್ಳಲಿ ಎಂಬ ಕಾರಣ. ಮೊದಲನೆಯದು ಸೃಷ್ಟಿಯ ಲಯವನ್ನು ಕುರಿತದ್ದು, ಎರಡನೆಯದು ಬಿಡುಗಡೆಯನ್ನು ಕುರಿತದ್ದು. ವಿಶ್ರಾಂತಿ ಪಡೆಯಬೇಕಾದವರ ಪಟ್ಟಿಯೂ ಅಲ್ಲಿದೆ: ಮಗ, ಮಗಳು, ಆಳು, ದಾಸಿ, ಊರಿನಲ್ಲಿರುವ ಪರದೇಶಿ, ಅವರೊಡನೆ ಎತ್ತು, ಕತ್ತೆ.

ಎತ್ತಿನ ಹೆಸರು ಕಂಡೊಡನೆ ನಮ್ಮ ಮನಸ್ಸು ಅಕ್ಕಲಕೋಟೆ ತಾಲೂಕಿನ ನಮ್ಮ ಹಳ್ಳಿಗೆ ಹೋಯಿತು. ನಮ್ಮ ಬಾಲ್ಯದಲ್ಲಿ ಸೋಮವಾರ ಬಸವಣ್ಣನ ವಾರ. ಅಂದು ಎತ್ತುಗಳ ಹೆಗಲಿಗೆ ನೊಗ ಏರಿಸುವಂತಿರಲಿಲ್ಲ. ಹದ ಬಂದು ಬಿತ್ತಿಗೆ ಕಾಯುತ್ತಿರಲಿ, ಮೋಡ ಕವಿದಿರಲಿ, ಕೂರಿಗೆ ಮೂಲೆಯಲ್ಲಿಯೇ ಇರುತ್ತಿತ್ತು. ನಮ್ಮ ತಂದೆಯವರು ಅಂದು ಬದುವಿನ ಕಸ ತೆಗೆಯುತ್ತಿದ್ದರು, ಹಗ್ಗ ಹೊಸೆಯುತ್ತಿದ್ದರು, ತಾವು ದುಡಿಯುತ್ತಲೇ ಇದ್ದರು. ಎತ್ತುಗಳನ್ನು ಮಾತ್ರ ಹಳ್ಳಕ್ಕೆ ಹೊಡೆದು, ಮೈ ತೊಳೆದು, ನೆರಳಿನಲ್ಲಿ ಕಟ್ಟುತ್ತಿದ್ದರು. ಉತ್ತರ ಕರ್ನಾಟಕದ ಮತ್ತು ಈ ಸೀಮೆಯ ಅನೇಕ ಹಳ್ಳಿಗಳಲ್ಲಿ ಈ ಪದ್ಧತಿ ಇತ್ತು. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರಿ.ಶ. ೩೨೧ರಲ್ಲಿ ರವಿವಾರದ ವಿಶ್ರಾಂತಿಯನ್ನು ರಾಜಾಜ್ಞೆಯಾಗಿ ಹೊರಡಿಸಿದಾಗ ಪಟ್ಟಣದ ನ್ಯಾಯಾಧೀಶರಿಗೂ ಕಸುಬುದಾರರಿಗೂ ರಜೆ ಕೊಟ್ಟು, ಬಿತ್ತನೆಯ ಹದ ತಪ್ಪಬಾರದೆಂದು ಒಕ್ಕಲಿಗರನ್ನು ಅದರಿಂದ ಹೊರಗಿಟ್ಟನು. ನಮ್ಮ ಒಕ್ಕಲಿಗನು ತನಗೆ ರಜೆ ಬೇಡದೆ ಎತ್ತಿಗೆ ಕೊಟ್ಟನು. ಎರಡನ್ನೂ ನೋಡಿದಾಗ ಹಳೆಯ ಆಜ್ಞೆಯಲ್ಲಿದ್ದ ಎತ್ತಿನ ನೆನಪು ಯಾರಲ್ಲಿ ಉಳಿಯಿತೆಂಬುದು ವಿಚಾರಾರ್ಹ.

ನೆಲಕ್ಕೂ ವಿಶ್ರಾಂತಿ ಬೇಕೆಂಬ ವಿಧಿ ಅದೇ ಗ್ರಂಥದ ಯಾಜಕಕಾಂಡದಲ್ಲಿದೆ. ಏಳನೆಯ ವರ್ಷ ಹೊಲವನ್ನು ಬಿತ್ತದೆ ಬಿಡಬೇಕು. ಸೋಲಾಪುರದ ಎರೆಭೂಮಿಯನ್ನು ಬಲ್ಲವರಿಗೆ ಇದು ಹೊಸತೆನಿಸದು. ಇಲ್ಲಿಯ ಹಿಂಗಾರಿ ಬಿಳಿಜೋಳದ ಹೊಲವನ್ನು ಮುಂಗಾರಿನಲ್ಲಿ ಬಿತ್ತದೆ ಬರಿದಾಗಿಯೇ ಬಿಡುತ್ತಿದ್ದರು. ನೋಡುವವರಿಗೆ ಅದು ಪಾಳುಬಿದ್ದ ಹೊಲ. ಆದರೆ ಒಕ್ಕಲಿಗನು ಮಳೆ ಬಿದ್ದಂತೆಲ್ಲ ಕುಂಟೆ ಹೊಡೆದು ಕಸ ತೆಗೆಯುತ್ತಾನೆ. ನೆಲವು ನೀರನ್ನು ಒಳಗೆ ಕುಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೆ ಬಿತ್ತಿದ ಜೋಳವು ಚಳಿಗಾಲದ ಇಬ್ಬನಿಯಲ್ಲಿ ಆ ಒಳಗಿನ ತೇವದಿಂದಲೇ ತೆನೆಗಟ್ಟುತ್ತದೆ. ವಿಶ್ರಾಂತಿಯೆಂದರೆ ಜಡತ್ವವಲ್ಲ, ಒಳಗೆ ತುಂಬಿಕೊಳ್ಳುವ ಕಾಲ ಎಂಬ ಪಾಠಕ್ಕೆ ಇದಕ್ಕಿಂತ ಉತ್ತಮ ದೃಷ್ಟಾಂತವನ್ನು ನಾವು ಕಂಡಿಲ್ಲ.

ಹೊಲದಿಂದ ಗಿರಣಿಗೆ ಬರೋಣ. ಸೋಲಾಪುರದಲ್ಲಿ ೧೮೭೭ರಲ್ಲಿ ಮೊದಲ ಬಟ್ಟೆಗಿರಣಿ ಆರಂಭವಾಯಿತು. ಜನರ ಬಾಯಲ್ಲಿ ಅದು ಜುನಿ ಮಿಲ್ಲು. ಆ ಕಾಲದ ಗಿರಣಿಗಳಲ್ಲಿ ಕಾರ್ಮಿಕರಿಗೆ ವಾರದ ರಜೆ ಎಂಬ ನಿಶ್ಚಿತ ಹಕ್ಕು ಇರಲಿಲ್ಲ. ಮುಂಬಯಿಯಲ್ಲಿ ಜ್ಯೋತಿಬಾ ಫುಲೆಯವರ ಸಹಚರರಾದ ನಾರಾಯಣ ಮೇಘಾಜಿ ಲೋಖಂಡೆಯವರು ೧೮೮೪ರಿಂದ ಸಭೆಗಳನ್ನು ಕೂಡಿಸಿ, ಕಾರ್ಮಿಕರ ಸಹಿಗಳೊಡನೆ ಮನವಿಗಳನ್ನು ಸಲ್ಲಿಸಿ, ಪ್ರತಿ ರವಿವಾರದ ರಜೆಗಾಗಿ ಹೋರಾಡಿದರು. ೧೮೯೦ರ ಜೂನ್ ೧೦ರಂದು ಮುಂಬಯಿಯ ಗಿರಣಿ ಮಾಲೀಕರ ಸಂಘ ಅದನ್ನು ಒಪ್ಪಿತು. ಮರುವರ್ಷದ ಕಾರ್ಖಾನೆ ಕಾಯ್ದೆ ವಾರದ ರಜೆಗೆ ಕಾನೂನಿನ ಬಲ ಕೊಟ್ಟಿತು. ರವಿವಾರ ಖಂಡೋಬನ ದಿನವೂ ಹೌದೆಂಬ ಮಾತನ್ನು ಆ ಚಳವಳಿ ಮುಂದಿಟ್ಟಿತೆಂದು ಹೇಳುತ್ತಾರೆ. ಆಳುವ ಇಂಗ್ಲಿಷರಿಗೆ ಚರ್ಚಿನ ದಿನ, ದುಡಿಯುವ ಮರಾಠಿಗನಿಗೆ ಖಂಡೋಬನ ದಿನ, ನಮ್ಮವರಿಗೆ ಮೈಲಾರನ ದಿನ. ಗುಲಾಮಗಿರಿಯನ್ನು ನೆನೆದು ಆಳಿಗೆ ಬಿಡುವು ಕೊಡು ಎಂಬ ಎರಡನೆಯ ಕಾರಣವು ಹೀಗೆ ನಮ್ಮ ನಾಡಿನ ಗಿರಣಿಯ ಬಾಗಿಲಿನವರೆಗೆ ಬಂದು ನಿಂತಿತು.

ಆದರೆ ಈ ಸೀಮೆಯ ಕನ್ನಡದಲ್ಲಿ ರಜೆಗೆ ನಾವು ಬಳಸುವ ಮಾತು 'ಸೂಟಿ'. ಸೂಟಿಯೆಂದರೆ ಕಟ್ಟು ಬಿಚ್ಚಿದ್ದು, ಬಿಟ್ಟದ್ದು. ಸೂಟಿ ಸಿಕ್ಕ ಮಾತ್ರಕ್ಕೆ ವಿಶ್ರಾಂತಿ ಸಿಕ್ಕಂತಾಗದು ಎಂಬುದು ನಮಗೆ ಸ್ಪಷ್ಟವಾದದ್ದು ನಿವೃತ್ತಿಯ ಅನಂತರ. ಐವತ್ತೆಂಟನೆಯ ವಯಸ್ಸಿಗೆ ಸರ್ಕಾರದ ನಿಯಮದಂತೆ ಹಾರ, ಶಾಲು, ಶ್ರೀಫಲ ಸ್ವೀಕರಿಸಿ ಮನೆಗೆ ಬಂದೆವು. ಮರುದಿನ ಬೆಳಗಿನ ಐದು ಗಂಟೆಗೆ ಎಚ್ಚರವಾಯಿತು, ಹೋಗಬೇಕಾದ ಸ್ಥಳವಿರಲಿಲ್ಲ. ಹತ್ತೂವರೆಗೆ ಕೈ ತಾನಾಗಿ ಗಡಿಯಾರದತ್ತ ಹೋಗುತ್ತಿತ್ತು. ದೇಹಕ್ಕೆ ಸಂಪೂರ್ಣ ಸೂಟಿ. ಮನಸ್ಸು ಮಾತ್ರ ಖಾಲಿ ವರ್ಗದಲ್ಲಿ ಹಾಜರಿ ಕರೆಯುತ್ತಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ 'ಹೆಡ್ ಸರ್', 'ಗುರುಗಳು' ಎಂದು ಕರೆಸಿಕೊಂಡ ಮೇಲೆ ಆ ಹೆಸರನ್ನು ಕಳಚಿದರೆ ಒಳಗೆ ಉಳಿಯುವವರು ಯಾರು? ಈ ಪ್ರಶ್ನೆ ಎಲ್ಲ ನಿವೃತ್ತರದೂ ಹೌದು. ಗಿರಣಿ ಮುಚ್ಚಿದಾಗ ಮಗ್ಗದ ಮುಂದಿನಿಂದ ಎದ್ದುಬಂದ ಸಾವಿರಾರು ಕಾರ್ಮಿಕರದೂ ಹೌದು.

ಇಲ್ಲಿ ಕ್ರೈಸ್ತ ಚಿಂತಕರು ಗುರುತಿಸಿದ ಒಂದು ಸೂಕ್ಷ್ಮ ನಮಗೆ ಆಸರೆಯಾಯಿತು. ಆದಿಕಾಂಡದ ಸೃಷ್ಟಿಕಥೆಯಂತೆ ಮನುಷ್ಯನು ಹುಟ್ಟಿದ್ದು ಆರನೆಯ ದಿನ. ಅವನು ಕಂಡ ಮೊದಲ ಪೂರ್ಣ ದಿನವೇ ಏಳನೆಯದು, ವಿಶ್ರಾಂತಿಯ ದಿನ. ಅವನು ಇನ್ನೂ ಏನನ್ನೂ ದುಡಿದಿರಲಿಲ್ಲ. ಆದುದರಿಂದ ವಿಶ್ರಾಂತಿಯು ದುಡಿಮೆಗೆ ಸಂದ ಕೂಲಿಯಲ್ಲ, ದುಡಿಮೆಗಿಂತ ಮೊದಲೇ ಕೊಟ್ಟ ಪ್ರಸಾದ. ಹೀಬ್ರೂಗಳಿಗೆ ಬರೆದ ಪತ್ರವು ದೇವರ ವಿಶ್ರಾಂತಿಯಲ್ಲಿ ಪ್ರವೇಶಿಸುವವನು ತನ್ನ ಕೃತಿಗಳನ್ನು ಕೆಳಗಿಡುತ್ತಾನೆಂದು ಹೇಳುತ್ತದೆ. ತನ್ನ ಯೋಗ್ಯತೆಯನ್ನು ತಾನೇ ಸಂಪಾದಿಸುತ್ತೇನೆಂಬ ಹಟವನ್ನು ಬಿಡುವುದು, ದೇವರ ಕೃಪೆಯಲ್ಲಿ ಮನಸ್ಸು ಹೊಸದಾಗುವುದು, ಇದು ಕ್ರೈಸ್ತರು ತಿಳಿದ ಪರಿವರ್ತನೆ. ಸಹಶಿಕ್ಷಕರು ಹೇಳಿದ 'ತಿದ್ದಿಸಿಕೊಳ್ಳುವುದು' ಇದೇ ಎಂದು ನಮಗೆ ಆಗ ಹೊಳೆಯಿತು.

ಇಂಥದೊಂದು ಪರಿವರ್ತನೆಯ ಕಥೆ ಸೊನ್ನಲಿಗೆಯ, ಎಂದರೆ ಇಂದಿನ ಸೋಲಾಪುರದ, ಮಣ್ಣಿನಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಸಿದ್ಧರಾಮನು ಕೆರೆ ಕಟ್ಟಿಸಿದವನು, ಗುಡಿ ಕಟ್ಟಿಸಿದವನು, ಅರುವತ್ತೆಂಟು ಲಿಂಗಗಳನ್ನು ಸ್ಥಾಪಿಸಿದವನು. ಲೋಕೋಪಕಾರದಲ್ಲಿ ಅವನಿಗೆ ಸಮಾನರಿರಲಿಲ್ಲ. ಅಲ್ಲಮಪ್ರಭು ಇಲ್ಲಿಗೆ ಬಂದು ಅವನನ್ನು ಮಣ್ಣು ಹೊರುವ ಒಡ್ಡನೆಂದು ಕರೆದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕೆಲಸಗಾರರು ಕೋಪದಿಂದ ಕಲ್ಲೆಸೆದರು, ಸಿದ್ಧರಾಮನೂ ಕೆರಳಿದನು. ಅಲ್ಲಮನು ಹಳಿದದ್ದು ಕೆರೆಯನ್ನಲ್ಲ, ಕಟ್ಟಿಸಿದೆನೆಂಬ ಭಾವವನ್ನು. ಅನಂತರ ಸಿದ್ಧರಾಮನು ಕಲ್ಯಾಣಕ್ಕೆ ಹೋಗಿ ಚನ್ನಬಸವಣ್ಣನಿಂದ ದೀಕ್ಷೆ ಪಡೆದನು, ಕರ್ಮಯೋಗಿಯು ಶಿವಯೋಗಿಯಾದನು. ಕೆರೆ ಇಂದಿಗೂ ಇದೆ. ಮಕರ ಸಂಕ್ರಮಣದಲ್ಲಿ ನಂದಿಧ್ವಜಗಳು ಇಂದಿಗೂ ಏಳುತ್ತವೆ. ಅಂದು ಕೆಳಗಿಳಿದದ್ದು ಅವನ ಹೆಗಲ ಮೇಲಿನ 'ನಾನು' ಎಂಬ ಭಾರ ಮಾತ್ರ.

ಇವೆರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಕ್ರೈಸ್ತನಿಗೆ ಆ ವಿಶ್ರಾಂತಿ ಯೇಸುವಿನಲ್ಲಿ ದೊರಕುವ ಕೃಪೆ. ಶರಣನಿಗೆ ಅದು ಗುರುಕರುಣೆಯಿಂದ ಇಷ್ಟಲಿಂಗದಲ್ಲಿ ಎಚ್ಚರಗೊಳ್ಳುವ ಅರಿವು. ದಾರಿ ಬೇರೆ, ಮಾತು ಬೇರೆ. ಆದರೆ ಎರಡೂ ಕಡೆ ದುಡಿಮೆ ನಿಂತುಹೋಗುವುದಿಲ್ಲ, ದುಡಿಯುವವನು ಬದಲಾಗುತ್ತಾನೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ದಣಿದವರನ್ನು ತನ್ನೆಡೆಗೆ ಕರೆದು ವಿಶ್ರಾಂತಿಯ ಭರವಸೆ ಕೊಟ್ಟ ಬೆನ್ನಲ್ಲೇ ತನ್ನ ನೊಗವನ್ನು ಹೊರಲು ಹೇಳುತ್ತಾನೆ. ವಿಶ್ರಾಂತಿ ಕೊಡುವವನು ನೊಗವನ್ನೇಕೆ ಹೊರಿಸಬೇಕೆಂದು ಓದುಗರಿಗೆ ಅನ್ನಿಸಬಹುದು. ಒಕ್ಕಲಿಗರ ಮಕ್ಕಳಿಗೆ ಉತ್ತರ ಗೊತ್ತಿದೆ. ಹೆಗಲಿಗೆ ಹೊಂದದ ನೊಗ ಹುಣ್ಣು ಮಾಡುತ್ತದೆ. ಬಡಿಗನು ಹದವಾಗಿ ಕೆತ್ತಿದ ನೊಗದಲ್ಲಿ ಎತ್ತು ದಿನವಿಡೀ ನಡೆದರೂ ಕುಸಿಯದು. ಯೇಸುವೂ ಬಡಿಗನೇ ಆಗಿದ್ದನಲ್ಲವೇ!

ಕಡೆಯದಾಗಿ, ಈ ವಿಚಾರವೆಲ್ಲ ಪುರಾಣವಾಗದಿರಲು ಒಂದು ಒರೆಗಲ್ಲು ಬೇಕು. ಅದು ಲೂಕನ ಸುವಾರ್ತೆಯಲ್ಲಿದೆ. ಹದಿನೆಂಟು ವರ್ಷಗಳಿಂದ ಬೆನ್ನು ಬಾಗಿ ನೆಟ್ಟಗೆ ನಿಲ್ಲಲಾರದ ಹೆಂಗಸನ್ನು ಯೇಸು ಸಬ್ಬತ್ ದಿನದಲ್ಲಿಯೇ ಗುಣಪಡಿಸುತ್ತಾನೆ. ಇಂದು ಕೆಲಸ ಮಾಡಬಾರದೆಂದು ಸಭಾಮಂದಿರದ ಅಧಿಕಾರಿ ಸಿಟ್ಟಾಗುತ್ತಾನೆ. ನೀವು ಇಂದು ನಿಮ್ಮ ಎತ್ತನ್ನು ಗೋದಲಿಯಿಂದ ಬಿಚ್ಚಿ ನೀರಿಗೆ ಕರೆದೊಯ್ಯುವಿರಲ್ಲ, ಇವಳ ಕಟ್ಟನ್ನು ಬಿಚ್ಚಬಾರದೇ ಎಂಬುದು ಯೇಸುವಿನ ಪ್ರಶ್ನೆಯ ತಾತ್ಪರ್ಯ. ಅವಳು ನೆಟ್ಟಗಾದಳು. ವಿಶ್ರಾಂತಿಯೆಂದರೆ ಬಾಗಿದ ಬೆನ್ನು ನೆಟ್ಟಗಾಗುವುದು ಎಂಬುದಕ್ಕಿಂತ ಸರಳವಾದ ವ್ಯಾಖ್ಯೆ ಬೇಡ.

ಸೋಲಾಪುರದಲ್ಲಿ ಬಾಗಿದ ಬೆನ್ನುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಇಲ್ಲಿಯ ಸಹಸ್ರಾರು ಹೆಂಗಸರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಾರೆ. ಕೂಲಿ ಸಾವಿರ ಬೀಡಿಯ ಲೆಕ್ಕದ್ದು. ಸುತ್ತದ ದಿನ ಕೂಲಿಯಿಲ್ಲ. ನಮ್ಮ ಶಾಲೆಯ ಏಳನೆಯ ಇಯತ್ತೆಯಲ್ಲಿ ಅಂಥ ಮನೆಯ ಹುಡುಗಿಯೊಬ್ಬಳಿದ್ದಳು. ಸೋಮವಾರದ ದಿನ ಅವಳ ಬೆರಳುಗಳಿಗೆ ತಂಬಾಕಿನ ವಾಸನೆ ಹೆಚ್ಚಾಗಿರುತ್ತಿತ್ತು. ರವಿವಾರ ಸೂಟಿ ಇರುವುದರಿಂದ ತಾಯಿಯೊಡನೆ ಕುಳಿತು ಹೆಚ್ಚು ಕಟ್ಟು ಕಟ್ಟುತ್ತೇನೆಂದು ಅವಳು ಹೆಮ್ಮೆಯಿಂದ ಹೇಳಿದ್ದಳು. ಲೋಖಂಡೆಯವರು ತಂದ ರವಿವಾರ ಆ ಮನೆಯ ಹೊಸ್ತಿಲಿನ ಹೊರಗೇ ಉಳಿದಿತ್ತು. ನಮ್ಮೆಲ್ಲರ ಅಡುಗೆಮನೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಮನೆಮಂದಿಗೆಲ್ಲ ಸೂಟಿಯಾದ ದಿನ ಒಲೆಗೆ ದುಪ್ಪಟ್ಟು ಕೆಲಸ. ಸೋಮವಾರ ಎತ್ತಿನ ಹೆಗಲನ್ನು ನೆನೆದ ಸೀಮೆ ನಮ್ಮದು. ಮೊರದ ಮುಂದೆ, ಒಲೆಯ ಮುಂದೆ ಕುಳಿತವಳಿಗೂ ನೊಗ ಇಳಿಸುವ ದಿನವೊಂದನ್ನು ನಾವು ಗೊತ್ತುಮಾಡಬೇಕಾಗಿದೆ.

ಗಡಿನಾಡಿನ ಕನ್ನಡಿಗರಾದ ನಮಗೆ ಈ ಸಾಹಿತ್ಯ ಸಮ್ಮೇಳನವೂ ಒಂದು ಬಗೆಯ ಸಬ್ಬತ್. ವಾರವಿಡೀ ಕಚೇರಿಯಲ್ಲಿ ಮರಾಠಿ, ಮೊಮ್ಮಕ್ಕಳೊಡನೆ ಇಂಗ್ಲಿಷು, ಪೇಟೆಯಲ್ಲಿ ಹಿಂದಿ ದುಡಿಸಿದ ನಾಲಿಗೆಯನ್ನು ಇಂದು ತಾಯ್ನುಡಿಯ ನೆರಳಿನಲ್ಲಿ ಕಟ್ಟುತ್ತೇವೆ. ಆ ಭಾಷೆಗಳ ಮೇಲೆ ನಮಗೆ ಮುನಿಸಿಲ್ಲ. ಅವು ಅನ್ನ ಕೊಟ್ಟಿವೆ. ಆದರೆ ಮನಸ್ಸು ದಣಿವಾರಿಸಿಕೊಳ್ಳುವುದು ಕನ್ನಡದಲ್ಲಿ. ಈ ಸಂತೋಷದ ದಿನ ಸಂಘದ ಬಂಧುಗಳಲ್ಲಿ ನಮ್ಮದೊಂದು ಚಿಕ್ಕ ವಿನಂತಿ. ಮಧ್ಯಾಹ್ನದ ಊಟದ ಹೊತ್ತಿಗೆ ರೊಟ್ಟಿ ಬಡಿದ ತಾಯಂದಿರನ್ನೂ, ನೀರು ಹೊತ್ತ ಹುಡುಗರನ್ನೂ, ಮಂಟಪ ಕಟ್ಟಿದ ಕೂಲಿಕಾರರನ್ನೂ ಮೊದಲ ಪಂಕ್ತಿಯಲ್ಲಿ ಕುಳ್ಳಿರಿಸೋಣ. ಭಾಷಣ ಮಾಡಿದವರು, ಸನ್ಮಾನ ಪಡೆದವರು, ನಮ್ಮಂಥ ನಿವೃತ್ತರು ಎದ್ದು ಬಡಿಸೋಣ. ನಮ್ಮ ಕೈಗಳು ಇನ್ನೂ ಗಟ್ಟಿಯಾಗಿವೆ.