ಬಾವಿಗೆ ಬಂದ ಉಪ್ಪು

ಕಾರವಾರದಲ್ಲಿ ಕಡಲಿಗೆ ಹತ್ತಿರವೇ ಹನ್ನೆರಡು ಮನೆಗಳ ಒಂದು ವಸತಿ ಸಮುಚ್ಚಯ. ಮನೆ ಹನ್ನೆರಡಾದರೂ ಬಾವಿ ಒಂದೇ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ಪಂಪು ಹಾಕಬೇಕೆಂಬುದು ಸಂಘದ ನಿಯಮ. ಆದರೂ ರಾತ್ರಿ ಹನ್ನೊಂದಕ್ಕೆ ಪಂಪಿನ ಸದ್ದು! ಹಾಕಿದವರು ಯಾರೆಂದು ಎಲ್ಲರಿಗೂ ಗೊತ್ತು, ಎದುರಿಗೆ ಹೇಳುವವರಿಲ್ಲ. ಹೇಳುವುದಕ್ಕೆಂದೇ ಕಾರ್ಯದರ್ಶಿ ಎಂಬ ಬಡಪಾಯಿ ಒಬ್ಬರಿದ್ದಾರಲ್ಲ.

ಒಂದು ಗಂಟೆ ಹೆಚ್ಚು ಪಂಪು ಓಡಿದರೆ ಏನು ಮಹಾ ಎನ್ನಬಹುದು. ಕಡಲಂಚಿನ ನೆಲದ ಲೆಕ್ಕವೇ ಬೇರೆ. ಅಲ್ಲಿ ಮಳೆಯ ಸಿಹಿನೀರು ತನಗಿಂತ ಭಾರವಾದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರಿದ್ದರೆ, ಕೆಳಗೆ ಸುಮಾರು 40 ಅಡಿ ಇರುತ್ತದೆ. ಈ ಲೆಕ್ಕವನ್ನೇ ತಿರುಗಿಸಿ ನೋಡಿ. ಎಳೆದೆಳೆದು ಮೇಲಿನ ಒಂದು ಅಡಿ ಇಳಿಸಿದರೆ, ಕೆಳಗಿನ ಉಪ್ಪು 40 ಅಡಿ ಏರಲು ದಾರಿ ಮಾಡಿಕೊಟ್ಟಂತೆ. ಏರಿದ ಉಪ್ಪು ಪಂಪು ನಿಲ್ಲಿಸಿದ ಮರುದಿನ ಇಳಿಯುವುದೂ ಇಲ್ಲ. ಕದ್ದು ನೀರೆತ್ತಿದವರು ಒಬ್ಬರು, ಚಹಾ ಉಪ್ಪಾಗುವುದು ಹನ್ನೆರಡು ಮನೆಯಲ್ಲೂ.

ಮೊದಲ ಸಲ ಹೆಸರಿಲ್ಲದ ನೋಟೀಸು ಅಂಟಿಸಿದರು. ಎರಡನೆಯ ಸಲ ಇನ್ನೂರು ರೂಪಾಯಿ ದಂಡ. ಆ ಮಹನೀಯರು ಐನೂರರ ನೋಟು ಕೊಟ್ಟು, “ಉಳಿದದ್ದು ಮುಂದಿನ ಸಲಕ್ಕಿರಲಿ” ಎಂದರು. ದಂಡ ಹೋಗಿ ಬಾಡಿಗೆಯಾಯಿತು. ಇದು ಕಾರವಾರದ್ದೇ ಸೋಜಿಗವಲ್ಲ. ಇಸ್ರೇಲಿನ ಹೈಫಾದಲ್ಲಿ 1998ರಲ್ಲಿ ಮಕ್ಕಳನ್ನು ಶಿಶುವಿಹಾರದಿಂದ ತಡವಾಗಿ ಕರೆದೊಯ್ಯುವ ಪಾಲಕರಿಗೆ ದಂಡ ಹಾಕಿ ನೋಡಿದ್ದರು. ತಡ ಮಾಡುವವರು ಹೆಚ್ಚಾದರು; ದಂಡ ತೆಗೆದ ಮೇಲೂ ಕಡಿಮೆಯಾಗಲಿಲ್ಲ.

ಮೂರನೆಯ ಸಲ ಅಧ್ಯಕ್ಷರು ಕೆರಳಿ ಕೋರ್ಟಿನ ಮಾತೆತ್ತಿದರು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಉಪವಿಧಿ ಮುರಿದವರ ಮೇಲೆ ತಡೆಯಾಜ್ಞೆ, ನಷ್ಟಪರಿಹಾರ ಎರಡನ್ನೂ ಕೇಳಬಹುದು. ವಾಯಿದೆಯ ಮೇಲೆ ವಾಯಿದೆ ಬಿದ್ದು ತೀರ್ಪು ಬರುವಷ್ಟರಲ್ಲಿ ಎಷ್ಟು ಮಳೆಗಾಲ ಕಳೆದಿರುತ್ತವೋ!

ಆ ಭಾನುವಾರ ಕಾರ್ಯದರ್ಶಿ ಅಂಕೋಲೆಗೆ ಹೋದರು. ಗಂಗಾವಳಿ ಹೊಳೆಯ ದಂಡೆಯಲ್ಲಿ ಅವರ ದೊಡ್ಡಪ್ಪನ ಗಜನಿ ಗದ್ದೆ. ಅಲ್ಲಿ ಗದ್ದೆ ಒಬ್ಬೊಬ್ಬರದು. ಉಪ್ಪುನೀರು ತಡೆಯುವ ಒಡ್ಡು, ತೂಬು ಎಲ್ಲರದು. ಇಳಿತದಲ್ಲಿ ತೂಬಿನ ಹಲಗೆ ಎತ್ತಿ ಮಳೆನೀರು ಬಿಡಬೇಕು, ಭರತಕ್ಕೆ ಮೊದಲು ಮುಚ್ಚಬೇಕು. ಭರತವೋ, ದಿನದಿನಕ್ಕೂ ಸುಮಾರು 50 ನಿಮಿಷ ತಡವಾಗುವಂಥದ್ದು. ನಿನ್ನೆಯ ಗಳಿಗೆ ಇವತ್ತಿಗಿಲ್ಲ. ಮುಚ್ಚಲು ಮರೆತರೆ, ಉಪ್ಪು ತಾಳುವ ಕಗ್ಗ ಭತ್ತವಾದರೂ ಎಳೆಯ ಸಸಿ ಉಳಿಯುವುದು ಕಷ್ಟ.

ದೊಡ್ಡಪ್ಪ ಕವಳ ಹಾಕಿಕೊಂಡೇ ಎಲ್ಲ ಕೇಳಿದರು. “ದಂಡ ಹಾಕಿದ್ರೆ ಗದ್ದೆಗೆ ಬಂದ ಉಪ್ಪು ತಿರುಗಿ ಹೋಗ್ತದ್ಯಾ ತಮ್ಮಾ? ನಮ್ಮಲ್ಲೂ ಒಬ್ಬ ಹಾಗೇ ಹಲಗೆ ಎತ್ತಿಡ್ತಿದ್ದ. ಮೂರನೇ ಸಲ ಎಲ್ಲ ಸೇರಿ ಅವನ ಗದ್ದೆ ನೋಡೂಕೆ ಹೋದ್ರು. ಅದು ಎಲ್ಲಕ್ಕಿಂತ ತಗ್ಗು. ನೀರು ನಿಂತು ಸಸಿ ಕೊಳೀತಿತ್ತು. ರಾತ್ರಿ ಹಲಗೆ ಎತ್ತಿ ಅಲ್ಲೇ ನಿದ್ದೆ ಹೋಗ್ತಿದ್ದ. ಅವನಿಗೊಂದು ಕಾಲುವೆ ತೋಡಿಕೊಟ್ರು. ಹಲಗೆ ಮಾತ್ರ ಮತ್ತೆ ಅವನ ಕೈಗೆ ಕೊಡಲಿಲ್ಲ.”

ಸೋಮವಾರ ರಾತ್ರಿ ಕಾರ್ಯದರ್ಶಿ ನೋಟೀಸಿಲ್ಲದೆ ಆ ಮನೆಯ ಬಾಗಿಲು ತಟ್ಟಿದರು. ಮನೆಯಾತ ಪಾಳಿ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ. ಬೆವರು ಇನ್ನೂ ಆರಿರಲಿಲ್ಲ. “ನೀವೇ ನಲ್ಲಿ ತಿರುಗಿಸಿ ನೋಡಿ ಸಾರ್” ಎಂದ. ನಲ್ಲಿ ಗಾಳಿಯನ್ನಷ್ಟೇ ಊದಿತು. ಎಲ್ಲರಿಗೂ ಸೇರಿದ ಟಾಕಿ ಆ ಹೊತ್ತಿಗೆ ಬರಿದು. ಸಂಜೆ ಅದಕ್ಕೆ ಪೈಪು ಹಚ್ಚಿ ದಾಸವಾಳಕ್ಕೆ ನೀರು ಬಿಡುವವರು ಅಧ್ಯಕ್ಷರೇ ಎಂಬುದನ್ನೂ ಆತ ಸೇರಿಸಿದ. ಕಾರ್ಯದರ್ಶಿ ಇದನ್ನು ಸಭೆಯಲ್ಲಿ ಹೇಳಬೇಕಾಯಿತು. ಹೇಳಿದರು; ಅಂಥ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಪಾಳಿಯವನ ಮನೆಗೆ ಐನೂರು ಲೀಟರಿನ ಬೇರೆ ಟಾಕಿ ಬಂತು. ಸಂಜೆಯ ಸರದಿಯಲ್ಲೇ ಅದು ತುಂಬುತ್ತದೆ. ದಾಸವಾಳಕ್ಕೆ ಬಟ್ಟೆ ತೊಳೆದ ನೀರು. ಪಂಪುಮನೆಗೆ ಬೀಗ, ಕೀಲಿ ಎರಡು ಮನೆಗಳಲ್ಲಿ. ಒಂದು ಪಾಳಿಯವನ ಎದುರು ಮನೆಯಲ್ಲಿ, ಇನ್ನೊಂದು ಅಧ್ಯಕ್ಷರ ಎದುರು ಮನೆಯಲ್ಲಿ.

ಇನ್ನೂರು ರೂಪಾಯಿ ದಂಡ ಕಳೆದು ಉಳಿದ ಮುನ್ನೂರನ್ನು ಕಾರ್ಯದರ್ಶಿ ರಸೀದಿ ಸಮೇತ ಹಿಂತಿರುಗಿಸಿದರು. ದಾಸವಾಳ ಬಾಡುತ್ತಿದೆಯೆಂದು ಅಧ್ಯಕ್ಷರು ಅವರೊಡನೆ ಒಂದು ತಿಂಗಳು ಮಾತು ಬಿಟ್ಟಿದ್ದರು.